ಬಳೆಗಾರರ ಮನೆಯ ಬರಿಗೈ

ನಮ್ಮ ನೆಂಟರಲ್ಲಿ ಮದುವೆಯೋ ನಾಮಕರಣವೋ ಆದಾಗ, ಊಟ ಮುಗಿದು ಹೆಂಗಸರು ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ನನ್ನ ಮಾತು ಬಂದೇ ಬರುತ್ತದೆ. ಗಂಡ ಸತ್ತ ಅಕ್ಕನ ಕೈಗೆ ಬಳೆ ಹಾಕಿಸಿ ಅಪ್ಪನ ವ್ಯಾಪಾರ ಕೆಡಿಸಿದವಳು ಇವಳೇ ಎಂದು ಒಬ್ಬಳು ಇನ್ನೊಬ್ಬಳಿಗೆ ಕಣ್ಣಲ್ಲೇ ತೋರಿಸಿ ಪಿಸುಗುಟ್ಟುತ್ತಾಳೆ. ನನ್ನ ಕಿವಿ ಇನ್ನೂ ಚೆನ್ನಾಗಿ ಕೇಳುತ್ತದೆ. ನಾನು ತಲೆ ತಗ್ಗಿಸುವುದಿಲ್ಲ. ಹಾಕಿಸಿದ್ದು ನಾನೇ. ಬಳೆಯ ಮಲಾರ ತಂದು ತಾತನ ತೊಡೆಯ ಮೇಲೆ ಇಟ್ಟದ್ದು ಈ ಕೈಯೇ. ಅದಕ್ಕಾಗಿ ಯಾರ ಕಾಲಿಗೂ ಬಿದ್ದಿಲ್ಲ, ಬೀಳುವುದೂ ಇಲ್ಲ. ನಾನು ಮಾಡಿದ ತಪ್ಪು ಬೇರೆ ಇದೆ. ಅದನ್ನು ಅವರಲ್ಲಿ ಒಬ್ಬರೂ ಎತ್ತಿ ಆಡಿದ್ದಿಲ್ಲ, ಯಾಕೆಂದರೆ ಅದು ತಪ್ಪು ಎಂದು ಅವರಿಗೆ ಹೊಳೆದೇ ಇಲ್ಲ. ಅದನ್ನು ಹೇಳಬೇಕಾದರೆ ಮಧುಗಿರಿಯ ಮನೆಯಿಂದ ಶುರು ಮಾಡಬೇಕು.

ಬೆಟ್ಟದ ಬುಡದ ಬೀದಿಯಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಬೇಸಿಗೆಯಲ್ಲಿ ಬಂಡೆಯ ಕಾವು ಸಂಜೆಯಾದರೂ ಇಳಿಯದೆ ಬೀದಿಗೆಲ್ಲ ಹಬ್ಬುತ್ತಿತ್ತು. ಮುಂದೆ ಜಗಲಿ, ಅದರ ಹಿಂದೆ ಪಡಸಾಲೆ. ಪಡಸಾಲೆಯ ಗೋಡೆಗೆ ಹೊಡೆದ ಗೂಟಗಳಲ್ಲಿ ಹಗ್ಗಕ್ಕೆ ಪೋಣಿಸಿದ ಗಾಜಿನ ಬಳೆಯ ಮಲಾರಗಳು ಜೋತಾಡುತ್ತಿದ್ದವು: ಹಸಿರು, ಕೆಂಪು, ಚುಕ್ಕಿಯ ಕಪ್ಪು. ಒಳಗೆ ನಡುಮನೆ, ಅದಕ್ಕೆ ಅಂಟಿಕೊಂಡು ಕಾಳು ಇಡುವ ಕತ್ತಲೆ ಕೋಣೆ, ಆಮೇಲೆ ಒಲೆ, ಹಿತ್ತಿಲು. ಈ ಮನೆಯಲ್ಲಿ ಎರಡು ಮಾತು ಇದ್ದವು. ಪಡಸಾಲೆಯಲ್ಲಿ ಕನ್ನಡ, ನಡುಮನೆಯ ಹೊಸಲು ದಾಟಿದರೆ ತೆಲುಗು. ತಾತ ಮಡಕಶಿರದ ಆಚೆಯ ಕುಂಪಣಿ ಸೀಮೆಯವನು, ಇಂಗ್ಲಿಷರ ಆಳ್ವಿಕೆಯ ತೆಲುಗು ನಾಡಿನವನು. ಯಾವ ಊರಿಗೆ ಯಾರು ಬಳೆ ಹೊತ್ತುಕೊಂಡು ಹೋಗಬೇಕು ಎಂದು ಅಣ್ಣತಮ್ಮಂದಿರಲ್ಲಿ ಜಗಳವಾಗಿ, ಅವನು ಮಲಾರವನ್ನು ಹೆಗಲಿಗೆ ಹಾಕಿಕೊಂಡು, ಹೆಂಡತಿಯನ್ನೂ ನಡೆಯಲು ಕಲಿತಿದ್ದ ಮಗನನ್ನೂ ಕರೆದುಕೊಂಡು ಮೈಸೂರು ಸೀಮೆಗೆ ಬಂದ. ಆ ಮಗನೇ ನಮ್ಮ ಅಪ್ಪ. ನಾವು ನಾಯ್ನ ಎನ್ನುತ್ತಿದ್ದೆವು. ನಾಯ್ನನಿಗೆ ಮೀಸೆ ನೆರೆತರೂ ಬೀದಿಯವರಿಗೆ ನಾವು ಆಚೆ ಸೀಮೆಯೋರೇ. ಬಾವಿಯ ಹತ್ತಿರ ಅಮ್ಮನನ್ನು ಕೊನೆಗೆ ಬಿಡುತ್ತಿದ್ದರು. ಆದರೆ ಅದೇ ಹೆಂಗಸರು ನಮ್ಮ ಪಡಸಾಲೆಗೆ ಬಂದು ತಾತನ ಮುಂದೆ ಕೈ ಚಾಚಿ ಕೂತರೆ ತವರಿಗೆ ಬಂದವರ ಹಾಗೆ ಆಗುತ್ತಿದ್ದರು. ಬಳೆಗಾರನಿಗೆ ಮಾತ್ರ ಆ ಸಲಿಗೆ ಇತ್ತು.

ತಾತ ಬಳೆ ತೊಡಿಸುವ ರೀತಿಯನ್ನು ನಾನು ಸಾವಿರ ಸಲ ನೋಡಿದ್ದೇನೆ. ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ, ಗೆಣ್ಣುಗಳನ್ನು ಒತ್ತಿ ಒತ್ತಿ ಮೆತ್ತಗೆ ಮಾಡುತ್ತಿದ್ದ. ಬಳೆ ಗೆಣ್ಣಿನ ಹತ್ತಿರ ಬಂದು ಸಿಕ್ಕಿಕೊಂಡಾಗ ಕೈಯನ್ನು ನೋಡುತ್ತಿರಲಿಲ್ಲ, ಮುಖ ನೋಡಿ ಏನಾದರೂ ಕೇಳುತ್ತಿದ್ದ. ತಂಗಿಗೆ ಗಂಡು ಗೊತ್ತಾಯ್ತೇನವ್ವ? ಹಸು ಕರು ಹಾಕ್ತೇನವ್ವ? ಅವಳು ಬಾಯಿ ತೆರೆದು ಉತ್ತರ ಕೊಡುವಷ್ಟರಲ್ಲಿ ಕೈ ತಾನಾಗಿ ಸಡಿಲವಾಗಿ ಬಳೆ ಮಣಿಕಟ್ಟಿಗೆ ಇಳಿದಿರುತ್ತಿತ್ತು. ತೊಟ್ಟ ಬಳೆಯನ್ನು ಹರಳೆಣ್ಣೆ ಹಚ್ಚಿ ಒಡೆಯದೆ ತೆಗೆಯುವುದೂ ಅವನಿಗೆ ಬರುತ್ತಿತ್ತು. ಬಸುರಿಯರ ಕೈ ಊದಿಕೊಂಡಾಗ ಅವನನ್ನೇ ಕರೆಯುತ್ತಿದ್ದರು. ನಾಯ್ನನಿಗೆ ಆ ಕೈ ಬರಲಿಲ್ಲ. ಒಡೆಯುವುದಂತೂ ನಮ್ಮಲ್ಲಿ ಇಲ್ಲವೇ ಇಲ್ಲ. ಬಳೆಗಾರರ ಮನೆಯವರು ಯಾರ ಕೈಯ ಬಳೆಯನ್ನೂ ಒಡೆಯಬಾರದು. ಗಂಡ ಸತ್ತವಳ ಬಳೆ ಒಡೆಯಬೇಕಾದರೂ ಬೇರೆ ಮುದುಕಿಯರು ಬರಬೇಕು.

ತಾತನಿಗೆ ಅರುಳುಮರುಳು ಬಂದದ್ದು ಮೊದಲು ಊರುಗಳಲ್ಲಿ ಗೊತ್ತಾಯಿತು. ಕೊರಟಗೆರೆಗೆ ಎಂದು ಹೊರಟವನು ದೊಡ್ಡೇರಿಯಲ್ಲಿ ಯಾರದೋ ಜಗಲಿಯ ಮೇಲೆ ಕೂತು, ಎಂದೋ ಸತ್ತುಹೋಗಿದ್ದ ಆ ಮನೆಯ ಯಜಮಾನಿಯನ್ನು ಹೆಸರು ಹಿಡಿದು ಕೂಗುತ್ತಿದ್ದನಂತೆ. ಆಮೇಲೆ ಕನ್ನಡ ಹೋಯಿತು. ಬದುಕಿನಲ್ಲಿ ಕೊನೆಗೆ ಕಲಿತದ್ದು ಮೊದಲು ಬಿಟ್ಟುಹೋಯಿತು. ಹೆಂಗಸರು ಕನ್ನಡದಲ್ಲಿ ಏನು ಕೇಳಿದರೂ ನಗುತ್ತಾ ತಲೆಯಾಡಿಸುತ್ತಿದ್ದ. ಅವನಿಗೆ ತಿಳಿಯಬಾರದ ಮಾತನ್ನು ನಾವು ನಡುಮನೆಯಲ್ಲೂ ಕನ್ನಡದಲ್ಲೇ ಆಡತೊಡಗಿದೆವು. ಮುದ್ದೆಯನ್ನು ಮುದ್ದೆ ಎಂದರೆ ಮುಟ್ಟುತ್ತಿರಲಿಲ್ಲ, ಸಂಗಟಿ ಎಂದರೆ ಉಣ್ಣುತ್ತಿದ್ದ. ಕೈ ಮಾತ್ರ ಏನನ್ನೂ ಮರೆಯಲಿಲ್ಲ.

ಅಜ್ಜಿ ಆಗಲೇ ತೀರಿಹೋಗಿದ್ದಳು, ಅವನನ್ನು ಕಾಯಲು ಒಬ್ಬರು ಬೇಕಾಯಿತು. ನಾಯ್ನ ಊರೂರು ತಿರುಗಬೇಕು, ಅಮ್ಮ ಪಡಸಾಲೆ ನೋಡಿಕೊಳ್ಳಬೇಕು. ನಾನು ಮೂರನೇ ಕ್ಲಾಸಿನಲ್ಲಿದ್ದೆ. ಅಲ್ಲಿಗೆ ನನ್ನ ಓದು ಮುಗಿಯಿತು. ಅಳಲಿಲ್ಲ, ಮೇಷ್ಟರ ಬೆತ್ತಕ್ಕಿಂತ ತಾತನೇ ವಾಸಿ ಎನ್ನಿಸಿತು. ಉಣ್ಣಿಸುವುದು, ಹಿತ್ತಿಲಿಗೆ ಕರೆದುಕೊಂಡು ಹೋಗುವುದು, ಪಂಚೆ ಬಿಚ್ಚಿಕೊಂಡು ಬೀದಿಗೆ ಹೋಗದ ಹಾಗೆ ನೋಡಿಕೊಳ್ಳುವುದು, ಇದು ನನ್ನ ಕೆಲಸ. ಹೊತ್ತು ಇಳಿಯುತ್ತಿದ್ದ ಹಾಗೆ ಅವನು ಎದ್ದು ನಿಲ್ಲುತ್ತಿದ್ದ.

"ಇಂಟಿಕಿ ಪೋದಾಂ ಪಾ."

ಮನೆಗೆ ಹೋಗೋಣ ನಡಿ ಎಂದು ಅದರ ಅರ್ಥ. ಇದೇ ಮನೆ ತಾತ ಎಂದರೆ ಸಿಟ್ಟು ಬಂದು ಕೋಲು ಎತ್ತುತ್ತಿದ್ದ. ನಾನೊಂದು ಉಪಾಯ ಕಂಡುಕೊಂಡೆ. ಸರಿ, ಹೋಗೋಣ ಎಂದು ಮಲಾರದ ಖಾಲಿ ಹಗ್ಗವನ್ನು ಅವನ ಹೆಗಲಿಗೆ ಹಾಕಿ, ಕೈ ಹಿಡಿದು ಬೀದಿಯ ಕೊನೆಯವರೆಗೂ ಹೋಗಿ, ಹಿಂದಿನ ಓಣಿಯಿಂದ ಬಳಸಿಕೊಂಡು ಬಂದು ಹಿತ್ತಿಲ ಬಾಗಿಲಲ್ಲಿ ನಿಲ್ಲಿಸುತ್ತಿದ್ದೆ. ಊರು ಬಂತು ತಾತ ಎನ್ನುತ್ತಿದ್ದೆ. ಅವನು ನಿಟ್ಟುಸಿರು ಬಿಟ್ಟು ಕಾಲು ತೊಳೆದುಕೊಂಡು ಒಳಗೆ ಬರುತ್ತಿದ್ದ. ದಿನಾ ಅವನನ್ನು ಗಡಿ ದಾಟಿಸಿ ಅವನ ಊರಿಗೆ ಕರೆದುಕೊಂಡು ಹೋಗುತ್ತಿದ್ದವಳು ನಾನು. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ಹೀಗಿರುವಾಗ ಅಕ್ಕ ವಾಪಸು ಬಂದಳು. ಅವಳನ್ನು ಪಾವಗಡದ ಕಡೆ ಒಂದು ಹಳ್ಳಿಗೆ ಕೊಟ್ಟಿದ್ದರು. ಭಾವನಿಗೆ ಜ್ವರ ಬಂತು, ಹೋಗಿಬಿಟ್ಟ. ಅಕ್ಕನ ಬಳೆಯನ್ನು ಅಲ್ಲಿಯ ಮುದುಕಿಯರೇ ಒಡೆದು ಕಳಿಸಿದರು. ಬಂದ ದಿನದಿಂದ ಅವಳ ಜಾಗ ಕಾಳಿನ ಕೋಣೆ. ಬಳೆ ತೊಡಲು ಬಂದ ಮುತ್ತೈದೆಯರಿಗೆ ಅವಳು ಎದುರಾಗಬಾರದು. ಹೊಸಲಲ್ಲಿ ಚಪ್ಪಲಿ ಸದ್ದಾದರೆ ಅಮ್ಮ ಕೆಮ್ಮುತ್ತಿದ್ದಳು, ಅಕ್ಕ ಎದ್ದು ಕೋಣೆಗೆ ಹೋಗಿ ರಾಗಿ ತುಂಬಿದ ಮಣ್ಣಿನ ವಾಡೆಗಳ ನಡುವೆ ಕೂರುತ್ತಿದ್ದಳು. ಆಗ ಅವಳಿಗೆ ಹದಿನಾರೋ ಹದಿನೇಳೋ ಇರಬೇಕು.

ತಾತ ಮನುಷ್ಯರ ಮುಖ ಮರೆತಿದ್ದರೂ ಕೈಗಳನ್ನು ನೋಡುವುದನ್ನು ಬಿಟ್ಟಿರಲಿಲ್ಲ. ಅಕ್ಕ ಅವನಿಗೆ ನೀರು ಕೊಡಲು ಬಂದಾಗ ಚೊಂಬು ಬಿಟ್ಟು ಅವಳ ಮಣಿಕಟ್ಟು ಹಿಡಿದ.

"ಬೋಸಿ ಚೇತುಲೇಮಮ್ಮಾ?"

ಬರಿಗೈ ಯಾಕಮ್ಮ ಎಂದು ಕೇಳಿದ. ಬಳೆಗಾರರ ಮನೆಯ ಹುಡುಗಿಗೆ ಬರಿಗೈಯೇ, ನನ್ನ ಮರ್ಯಾದೆ ಏನಾಯಿತು, ಮಲಾರ ತನ್ನಿ ಎಂದು ಕೂಗಾಡಿದ. ಅಕ್ಕ ಕೈ ಬಿಡಿಸಿಕೊಂಡು ಒಳಗೆ ಓಡಿದಳು. ನಾಯ್ನ ಎದ್ದು ಜಗಲಿಗೆ ಹೋದ. ಅಮ್ಮ ನನ್ನ ಬೆನ್ನು ತಳ್ಳಿದಳು.

"ನೀನೇ ಹೇಳೇ ಸುಬ್ಬಿ. ಮಕ್ಕಳ ಬಾಯಲ್ಲಾದ್ರೆ ತಡ್ಕೊಂತಾನೆ."

ನಾನು ಹೇಳಿದೆ. ಭಾವ ಸತ್ತುಹೋದ ತಾತ, ಜ್ವರ ಬಂದು ಸತ್ತ. ಅವನ ಮುಖ ನಿಧಾನವಾಗಿ ಕುಸಿಯಿತು.

"ನಾಕೆಂದುಕು ಚೆಪ್ಪಲೇದು?"

ನನಗೆ ಯಾಕೆ ಹೇಳಲಿಲ್ಲ ಎಂದ. ತೊಡೆ ಬಡಿದುಕೊಂಡು ಅತ್ತ. ಸಾವಿನ ಸುದ್ದಿ ಆಗ ತಾನೆ ಬಂದ ಮನೆಯಲ್ಲಿ ಅಳುವ ಹಾಗೆ ಅತ್ತ. ಅತ್ತು ಸುಸ್ತಾಗಿ ಚಾಪೆಯ ಮೇಲೆ ಒರಗಿದವನು ದೀಪ ಹಚ್ಚುವ ಹೊತ್ತಿನವರೆಗೂ ನಿದ್ದೆ ಮಾಡಿದ. ಎದ್ದಾಗ ಏನೂ ನೆನಪಿಲ್ಲ. ಮಾರನೆಯ ದಿನ ಅಕ್ಕನ ಕೈ ನೋಡಿ ಮತ್ತೆ ಅದೇ ಮಾತು ಕೇಳಿದ. ನಾನು ಮತ್ತೆ ಹೇಳಿದೆ. ಮತ್ತೆ ಅತ್ತ, ಮತ್ತೆ ಮಲಗಿದ.

ನನ್ನ ತಪ್ಪು ಇಲ್ಲಿಂದ ಶುರುವಾಗುತ್ತದೆ. ಅವನು ಮಲಗಿದರೆ ನನಗೆ ಮಧ್ಯಾಹ್ನವೆಲ್ಲ ಬಿಡುವು ಎಂದು ನನಗೆ ತಿಳಿದುಹೋಯಿತು. ಆಮೇಲೆ ಅವನು ಕೇಳುವವರೆಗೂ ಕಾಯಲಿಲ್ಲ. ಊಟ ಮಾಡಿಸಿ ಬಾಯಿ ಒರೆಸಿ, ನಾನೇ ಹೇಳುತ್ತಿದ್ದೆ. ತಾತಾ, ಭಾವ ಸತ್ತುಹೋದ. ಬರಿ ಸತ್ತ ಎಂದರೆ ಕೆಲವು ದಿನ ಅಳು ಬೇಗ ನಿಲ್ಲುತ್ತಿತ್ತು, ನಿದ್ದೆ ಬರುತ್ತಿರಲಿಲ್ಲ. ಅದಕ್ಕೆ ಕತೆ ಬೆಳೆಸಿದೆ. ಗಾಡಿಯಲ್ಲಿ ಹುಲ್ಲಿನ ಮೇಲೆ ಮಲಗಿಸಿ ತಂದರು ಎಂದೆ. ಕಣ್ಣು ತೆರೆದೇ ಇದ್ದವು ಎಂದೆ. ಕೊನೆಗಾಲದಲ್ಲಿ ನಿನ್ನನ್ನೇ ಕೇಳಿದ ತಾತ, ತಾತ ಎಲ್ಲಿ ಎಂದ, ಎಂದೆ. ಇದರಲ್ಲಿ ಒಂದೂ ನಾನು ಕಂಡದ್ದಲ್ಲ. ಆ ಬಿಡುವಿನಲ್ಲಿ ಶಾಲೆಯ ಕಿಟಕಿಯ ಹತ್ತಿರ ನಿಂತು ಪಾಠ ಕೇಳುತ್ತಿದ್ದೆ ಎಂದು ಬರೆದರೆ ಓದುವವರಿಗೆ ನನ್ನ ಮೇಲೆ ಕನಿಕರ ಬರಬಹುದು. ನಾನು ಹೋಗುತ್ತಿದ್ದದ್ದು ಗುಡಿಯ ಅಂಗಳಕ್ಕೆ, ಹುಣಿಸೆ ಬೀಜದ ಆಟಕ್ಕೆ. ಗೆಲ್ಲುತ್ತಿದ್ದೆ ಕೂಡ. ಕಾಳಿನ ಕೋಣೆಯ ಗೋಡೆ ಮಾಳಿಗೆಯವರೆಗೆ ಇರಲಿಲ್ಲ. ಮೇಲೆ ಮೊಳದಷ್ಟು ಸಂದು ಬಿಟ್ಟಿದ್ದರು. ಅದರಾಚೆ ಅಕ್ಕ ಕೂತಿರುತ್ತಿದ್ದಳು. ಅದು ನನಗೆ ಗೊತ್ತಿರಲಿಲ್ಲ ಎಂದು ಹೇಳಲಾರೆ. ಗೊತ್ತಿತ್ತು. ಆ ಕಡೆ ಮನಸ್ಸು ಕೊಡಲಿಲ್ಲ, ಅಷ್ಟೆ.

ಒಂದು ದಿನ ದೊಡ್ಡೇರಿ ಕಡೆಯ ಒಬ್ಬ ಪಟೇಲರ ಮನೆಯಿಂದ ಮದುವೆಯ ಬಳೆಗೆ ಬರುತ್ತೇವೆಂದು ಹೇಳಿಕಳಿಸಿದ್ದರು. ಮದುವೆ ಹೆಣ್ಣು, ಅವಳ ದೊಡ್ಡಮ್ಮ ಗೌರಮ್ಮ, ಜೊತೆಗೆ ಮನೆಯ ಹೆಂಗಸರೆಲ್ಲ ಗಾಡಿಯಲ್ಲಿ ಬರುವವರು. ಅಂಥ ಮನೆ ನಮ್ಮಲ್ಲಿ ಮದುವೆ ಬಳೆ ತೊಟ್ಟರೆ ಆ ಸುತ್ತಿನ ಹಳ್ಳಿಗಳೆಲ್ಲ ನಮ್ಮವೇ. ನಾಯ್ನ ಹೊಸ ಬಳೆ ತರಲು ಬೆಳಿಗ್ಗೆಯೇ ಪೇಟೆಗೆ ಹೋಗಿದ್ದ. ಅಮ್ಮ ಪಡಸಾಲೆ ಸಾರಿಸಿ ರಂಗೋಲಿ ಬಿಟ್ಟು, ಕೊಡ ಎತ್ತಿಕೊಂಡಳು.

"ನೀರಿಗೆ ಹೋಗಿ ಬತ್ತೀನಿ. ಗಾಡಿ ಬರೋ ಹೊತ್ಗೆ ತಾತನ್ನ ಮಲಗ್ಸಿರು."

ಹೇಗೆ ಮಲಗಿಸಬೇಕು ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ತಾತ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ನಾನು ಅವನ ಮುಂದೆ ಕುಕ್ಕರಗಾಲಲ್ಲಿ ಕೂತು, ತಾತಾ, ಭಾವ ಎಂದು ಬಾಯಿ ತೆಗೆದೆ. ಕಾಳಿನ ಕೋಣೆಯ ಬಾಗಿಲು ತೆರೆಯಿತು.

"ನಿಲ್ಸೇ ಸುಬ್ಬಿ."

"ಅಮ್ಮನೇ ಹೇಳವ್ಳೆ, ತಾತನ್ನ ಮಲಗ್ಸು ಅಂತ."

"ತಾತ ಮಲಗ್ಲಿ ಅಂತ ನನ್ನ ಗಂಡ ದಿನಾ ಸಾಯ್ಬೇಕೇನೆ?"

"ನಾನೇನ್ ಸುಳ್ಳು ಹೇಳಿದ್ನಾ? ಭಾವ ಸತ್ತಿರೋದು ದಿಟ ತಾನೆ."

"ದಿಟ ಕಣೆ. ಅವ್ರು ಒಂದ್ಸಲ ಸತ್ರು. ನೀನು ಇಲ್ಲಿ ಕುಂತ್ಕಂಡು ಎಷ್ಟು ಸಲ ಸಾಯಿಸಿದೀಯ? ನಿನ್ನನ್ನೇ ಕೇಳಿದ್ರು ತಾತ ಅಂತೀಯಲ್ಲ, ಅವ್ರು ಯಾರನ್ನೂ ಕೇಳ್ಲಿಲ್ಲ. ನೀರು ಕೇಳಿದ್ರು. ಅಷ್ಟೇ."

ಅವಳು ಕೂಗಲಿಲ್ಲ. ಕೂಗಿದ್ದರೆ ನಾನೂ ಕೂಗುತ್ತಿದ್ದೆ. ನನ್ನ ಕೈಯಲ್ಲಿ ಹುಣಿಸೆ ಬೀಜಗಳಿದ್ದವು, ಬೆವರಿನಿಂದ ಅಂಟಿಕೊಂಡವು. ಅಷ್ಟರಲ್ಲಿ ತಾತ ಅಕ್ಕನ ಕಡೆ ತಿರುಗಿ ಅವಳ ಕೈಗಳನ್ನು ಕಂಡ. ಬೋಸಿ ಚೇತುಲೇಮಮ್ಮಾ ಎಂದ. ಅಕ್ಕ ನನ್ನ ಮುಖ ನೋಡಿದಳು. ಈಗ ಏನು ಹೇಳುತ್ತೀಯ ಹೇಳು ಎನ್ನುವ ಹಾಗೆ ನೋಡಿದಳು. ನಾನು ಎದ್ದು ಪಡಸಾಲೆಗೆ ಹೋಗಿ, ಗೂಟದಿಂದ ಹಸಿರು ಬಳೆಯ ಮಲಾರ ಬಿಚ್ಚಿಕೊಂಡು ಬಂದು ತಾತನ ತೊಡೆಯ ಮೇಲೆ ಇಟ್ಟೆ. ಅಕ್ಕ ಸೆರಗು ಸರಿಮಾಡಿಕೊಂಡು, ಅವನ ಮುಂದೆ ಕೂತು, ಎರಡೂ ಕೈ ಚಾಚಿದಳು.

ತಾತನ ಬೆನ್ನು ನೆಟ್ಟಗಾಯಿತು. ಅವಳ ಕೈಯನ್ನು ಹಿಡಿದು ಗೆಣ್ಣು ಒತ್ತಿ ನೋಡಿ, ಮಲಾರದಿಂದ ಸರಿಯಾದ ಅಳತೆಯವನ್ನೇ ಆರಿಸಿದ. ಹೆಬ್ಬೆರಳು ಮಡಿಸಿದ. ಬಳೆ ಗೆಣ್ಣಿಗೆ ಬಂದಾಗ ಮುಖ ನೋಡಿ, ನಿನ್ನ ಗಂಡ ಏನು ಮಾಡುತ್ತಾನಮ್ಮ ಎಂದು ಕೇಳಿದ. ಅಕ್ಕ ತೆಲುಗಿನಲ್ಲೇ, ಹೊಲಕ್ಕೆ ಹೋಗಿದ್ದಾರೆ ತಾತ ಎಂದಳು. ಮೊದಲ ಬಳೆ ಇಳಿಯಿತು. ಏನು ಬೆಳೆದಿದ್ದೀರಿ ಎಂದ. ಕಡಲೆಕಾಯಿ ಎಂದಳು. ಇನ್ನೊಂದು ಇಳಿಯಿತು. ಒಳ್ಳೆಯವನೇನಮ್ಮ ಎಂದ. ಒಳ್ಳೆಯವರು ತಾತ, ನಗಿಸುತ್ತಾರೆ, ಸಂತೆಯಿಂದ ಬರುವಾಗ ಗಾಡಿಗಿಂತ ಮುಂದೆ ಓಡಿ ಮರ ಹತ್ತಿ ಕೂತು ಹೆದರಿಸುತ್ತಾರೆ ಎಂದಳು. ಅವಳು ಬಂದಾಗಿನಿಂದ ಭಾವನ ವಿಷಯ ಆಡಿದ್ದೇ ಇಲ್ಲ. ಯಾರೂ ಅವಳನ್ನು ಕೇಳಿರಲೂ ಇಲ್ಲ. ಎರಡೂ ಕೈ ತುಂಬಿದ ಮೇಲೆ ಅವಳು ಬಳೆಗಳನ್ನು ಕಣ್ಣಿಗೊತ್ತಿಕೊಂಡು ತಾತನ ಪಾದಕ್ಕೆ ಹಣೆ ಇಟ್ಟಳು. ಅವನು ಮುತ್ತೈದೆಯರಿಗೆ ಕೊಡುವ ಆಶೀರ್ವಾದವನ್ನೇ ಕೊಟ್ಟ.

ಅಮ್ಮ ಬಾಗಿಲಲ್ಲಿ ಕೊಡ ಇಳಿಸುವುದನ್ನೂ ಮರೆತು ನಿಂತಿದ್ದಳು.

"ಅಯ್ಯೋ ನಿನ್ನ ಮನೆ ಹಾಳಾಗ! ಏನೇ ಮಾಡ್ಬುಟ್ಟೆ ಸುಬ್ಬಿ?"

ಅಕ್ಕನನ್ನಾಗಲಿ ತಾತನನ್ನಾಗಲಿ ಅವಳು ಬೈಯಲಿಲ್ಲ. ಬೈಗುಳಕ್ಕೆ ಸಿಕ್ಕವಳು ನಾನೇ. ಬಳೆ ಎಳೆದು ನೋಡಿದಳು. ತಾತ ಅಳತೆ ನೋಡಿ ತೊಡಿಸಿದ್ದು, ಗೆಣ್ಣಿನಾಚೆ ಬರಲಿಲ್ಲ. ಅಷ್ಟರಲ್ಲಿ ನಾಯ್ನ ಬಂದ. ಹೊಸ ಬಳೆಯ ಗಂಟನ್ನು ಹೆಗಲಿಂದ ಇಳಿಸುತ್ತಾ ಅಕ್ಕನ ಕೈ ನೋಡಿ ಹಾಗೇ ನಿಂತ. ಒಡೆಯುವ ಹಾಗಿಲ್ಲ. ಒಡೆಯಲು ಹೊರಗಿನ ಮುದುಕಿಯನ್ನು ಕರೆದರೆ ಬೀದಿಗೆಲ್ಲ ಸುದ್ದಿ. ಒಡೆಯದೆ ತೆಗೆಯುವ ಕೈ ಇದ್ದದ್ದು ಒಬ್ಬನಿಗೇ. ಅವನಾದರೋ ಮುತ್ತೈದೆಯ ಬಳೆಯನ್ನು ಯಾಕೆ ತೆಗೆಯುತ್ತಾನೆ? ನಾಯ್ನ ನನ್ನ ಕಡೆ ತಿರುಗಿದ.

"ಲೇ ಸುಬ್ಬಿ, ತಾತಂಗೆ ಹೇಳು. ದಿನಾ ಹೇಳ್ತೀಯಲ್ಲ, ಅದ್ನೇ ಹೇಳು. ಅವ್ನೇ ತೆಗೀತಾನೆ. ಬೇಗ, ಗಾಡಿ ಬಂದ್ಬುಡ್ತದೆ."

"ಹೇಳಲ್ಲ."

"ಏನಂದೆ?"

"ಹೇಳಲ್ಲ ನಾಯ್ನಾ."

ಕಪಾಳಕ್ಕೆ ಬಿತ್ತು. ಕಿವಿ ಗುಂಯ್ ಎಂದಿತು. ನಾನು ಗೋಡೆ ಹಿಡಿದು ನಿಂತುಕೊಂಡೆ.

"ದಿನಾ ಹೇಳಕ್ಕೆ ನಾಲಗೆ ಇತ್ತು, ಇವತ್ತೇನಾಗೈತೆ ನಿಂಗೆ?"

"ನೀನೇ ಹೇಳು. ನಿಮ್ಮಪ್ಪನೇ ಅಲ್ವಾ. ನೀನು ಒಂದ್ಸಲನಾದ್ರೂ ಹೇಳಿದೀಯಾ? ನಾನೊಬ್ಳೇ ಯಾಕೆ ಹೇಳ್ಬೇಕು?"

ಅಮ್ಮ ನನ್ನ ಬಾಯಿ ಮುಚ್ಚಲು ಬಂದಳು. ನಾಯ್ನ ಬೇಡ ಎನ್ನುವಂತೆ ಕೈ ಎತ್ತಿ, ಹೋಗಿ ತಾತನ ಮುಂದೆ ಕೂತ. ತಾತ ಖುಷಿಯಲ್ಲಿದ್ದ. ಮಗನ ಗುರುತು ಸಿಕ್ಕಿತೋ, ಕೆಲಸ ಕಲಿಯುವ ಯಾರೋ ಹುಡುಗ ಎಂದುಕೊಂಡನೋ, ಅಕ್ಕನ ಕೈಯನ್ನು ಎಳೆದು ನಾಯ್ನನ ಕಣ್ಣ ಮುಂದೆ ಹಿಡಿದ.

"ಎಟ್ಲ ಕುದಿರಿನಾಯೋ ಸೂಡು."

ಹೇಗೆ ಕೂತಿವೆ ನೋಡು ಎಂದ. ನಾಯ್ನ ನೋಡಿದ. ಬಾಯಿ ತೆರೆದ. ನಾಯ್ನಾ ಎಂದು ಕರೆದ, ಅವನೂ ತನ್ನ ಅಪ್ಪನನ್ನು ಹಾಗೇ ಕರೆಯುತ್ತಿದ್ದ. ತಾತ ಕಾಯುತ್ತಾ ಕೂತಿದ್ದ, ಕೆಲಸ ಚೆನ್ನಾಗಿದೆ ಎನ್ನುತ್ತಾನೆಂದು. ನಾಯ್ನ ಎದ್ದು ಜಗಲಿಗೆ ಹೋಗಿ ಕಂಬಕ್ಕೆ ಬೆನ್ನು ಕೊಟ್ಟು ಕೂತುಬಿಟ್ಟ.

ಗಾಡಿ ಬಂತು. ಅಮ್ಮ ಅಕ್ಕನನ್ನು ಕಾಳಿನ ಕೋಣೆಗೆ ತಳ್ಳಿ ಬಾಗಿಲು ಎಳೆದಳು. ಹೆಂಗಸರು ಪಡಸಾಲೆಯಲ್ಲಿ ಕೂತರು. ಮದುವೆ ಹೆಣ್ಣು ನಾಚಿಕೊಂಡು ಮುಂದೆ ಸರಿದು ಅಮ್ಮನ ಕಡೆ ಕೈ ಚಾಚಿದಳು. ತಾತ ನಡುಮನೆಯಿಂದ ಬಳೆಯ ಸದ್ದು ಕೇಳಿಸಿಕೊಂಡ. ಬಳೆಗಾರರು ಹೊಸ ನಮೂನೆಯನ್ನು ಮನೆಯ ಹುಡುಗಿಯರ ಕೈಗೆ ತೊಡಿಸಿ ಗಿರಾಕಿಗಳಿಗೆ ತೋರಿಸುವುದುಂಟು. ಎಲ್ಲ ಮನೆಗಳಲ್ಲೂ ಹಾಗೆ ಮಾಡುತ್ತಾರೆ. ಅವನು ಕೋಣೆಯ ಬಾಗಿಲು ತಳ್ಳಿ, ಅಕ್ಕನ ಮಣಿಕಟ್ಟು ಹಿಡಿದು, ಅವಳನ್ನು ಪಡಸಾಲೆಯ ನಡುವೆ ತಂದು ನಿಲ್ಲಿಸಿದ. ಅಕ್ಕ ಕೈ ಬಿಡಿಸಿಕೊಳ್ಳಬಹುದಿತ್ತು. ಅವಳು ಬಿಡಿಸಿಕೊಳ್ಳಲಿಲ್ಲ. ಗೌರಮ್ಮ ಕಣ್ಣು ಕಿರಿದು ಮಾಡಿ ನೋಡಿದಳು.

"ಇದ್ಯಾರಯ್ಯ? ನಿನ್ನ ದೊಡ್ಮಗಳಲ್ವೇನಯ್ಯ? ಗಂಡ ತೀರ್ಕಂಡೋಳು?"

"ಹೌದು ತಾಯಿ," ನಾಯ್ನ ಬಾಗಿಲಲ್ಲಿ ನಿಂತು ಹೇಳಿದ. "ನಮ್ಮಪ್ಪಂಗೆ ಅರುಳುಮರುಳು. ಗೊತ್ತಿಲ್ದೆ ತೊಡಿಸ್ಬುಟ್ಟವ್ನೆ."

"ಅವನ್ಗೆ ಅರುಳುಮರುಳು, ಸರಿ. ನಿಮ್ಗೆಲ್ಲ ಏನಾಗೈತೆ? ಆ ಮುದುಕಂಗೆ ಮೊಮ್ಮಗಳ ಗಂಡ ಸತ್ತಿರೋದು ಯಾರೂ ಹೇಳಿಲ್ವೇನಯ್ಯ?"

ಆ ಮಾತು ಕನ್ನಡದಲ್ಲಿತ್ತು. ತಾತ ಗೌರಮ್ಮನ ಮುಖ ನೋಡಿ, ಬಳೆ ಹೊಗಳುತ್ತಿದ್ದಾಳೆ ಎಂದುಕೊಂಡು ನಕ್ಕು ತಲೆಯಾಡಿಸಿದ. ನನ್ನನ್ನು ಯಾರೂ ಕೇಳಿರಲಿಲ್ಲ. ಆದರೂ ನಾನು ಮುಂದೆ ಬಂದೆ.

"ಮಲಾರ ತಂದ್ಕೊಟ್ಟಿದ್ದು ನಾನೇ."

"ಹುಟ್ಟಿದ್ರೆ ನಿನ್ನಂಗೇ ಹುಟ್ಬೇಕು ಕಣವ್ವ," ಎಂದಳು ಗೌರಮ್ಮ. ಮದುವೆ ಹೆಣ್ಣಿನ ಕೈಯನ್ನು ತಾನೇ ಹಿಂದಕ್ಕೆ ಎಳೆದುಕೊಂಡಳು. "ಏಳ್ರೇ. ಈ ಮನೆ ಬಳೆ ನಮ್ಗೆ ಬ್ಯಾಡ."

ಗಾಡಿ ಹೋಯಿತು. ಅದರ ಹಿಂದೆಯೇ ಆ ಸುತ್ತಿನ ಹಳ್ಳಿಗಳೂ ಹೋದವು. ನಮ್ಮ ಬೀದಿಯಲ್ಲೂ ಕೆಲವು ಮನೆಯವರು ಬೇರೆ ಬಳೆಗಾರನನ್ನು ಕರೆಸಿಕೊಂಡರು. ಆಚೆ ಸೀಮೆಯೋರ ಬುದ್ಧಿಯೇ ಇಷ್ಟು ಎಂದರು. ನಾಯ್ನ ಶಿರಾದ ಕಡೆ ತಿರುಗಲು ಶುರು ಮಾಡಿದ. ಅಲ್ಲಿಯ ಮುಸಲ್ಮಾನರ ಬೀದಿಗಳಲ್ಲಿ ನಮ್ಮ ಮನೆಯ ಕತೆ ಯಾರಿಗೂ ಬೇಕಿರಲಿಲ್ಲ. ಪರದೆಯ ಹಿಂದಿನಿಂದ ಕೈ ಬರುತ್ತಿದ್ದವು, ಬಳೆ ತೊಟ್ಟು ಹೋಗುತ್ತಿದ್ದವು. ಆದರೆ ದಾರಿ ದೂರ. ಅವನ ಕಾಲು ಸೋತದ್ದು ನಿಜ, ಮನೆಯಲ್ಲಿ ಮುದ್ದೆ ಸಣ್ಣದಾದದ್ದೂ ನಿಜ. ಅಮ್ಮ ನನ್ನೊಡನೆ ಬಹಳ ಕಾಲ ಮಾತು ಬಿಟ್ಟಿದ್ದಳು. ಇದನ್ನೆಲ್ಲ ಮುಚ್ಚಿಡುವುದಿಲ್ಲ. ಬಳೆಯಿಂದ ಮನೆಗೆ ನಷ್ಟವಾಯಿತೇ ಎಂದರೆ ಆಯಿತು. ಹಾಗಾದರೆ ಹಾಕಿಸಬಾರದಿತ್ತೇ ಎಂದರೆ, ಹಾಕಿಸಬೇಕಿತ್ತು. ಇಷ್ಟು ವಯಸ್ಸಾದ ಮೇಲೂ ನನಗೆ ಇದಕ್ಕಿಂತ ಬೇರೆ ಉತ್ತರ ಹೊಳೆದಿಲ್ಲ.

ಅಕ್ಕ ಆಮೇಲೆ ಕಾಳಿನ ಕೋಣೆಗೆ ಹೋಗಿ ಕೂರಲಿಲ್ಲ. ಅಮ್ಮ ಕೆಮ್ಮಿದರೂ ಏಳುತ್ತಿರಲಿ‍ಲ್ಲ. ಪಾತ್ರೆ ತಿಕ್ಕುವಾಗ, ಬೀಸುವಾಗ ಬಳೆ ಒಡೆದರೆ ತಾತ ಗುರುತಿಸಿ ಮತ್ತೊಂದು ತೊಡಿಸುತ್ತಿದ್ದ. ತೊಡಿಸುವಾಗೆಲ್ಲ ಗಂಡ ಏನು ಮಾಡುತ್ತಾನೆ ಎಂದು ಕೇಳುತ್ತಿದ್ದ, ಅವಳು ಏನಾದರೊಂದು ಹೇಳುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಕೇಳುತ್ತಿದ್ದೆ. ಭಾವನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಆಗ ತಿಳಿದದ್ದೇ. ಗುಡಿಯ ಅಂಗಳಕ್ಕೆ ಹೋಗುವುದು ನಿಂತಿತು. ತಾತ ಮಧ್ಯಾಹ್ನ ಮಲಗುತ್ತಿರಲಿಲ್ಲ, ಮಲಗದಿದ್ದರೆ ಊರಿಗೆ ಹೋಗೋಣ ಎನ್ನುತ್ತಿದ್ದ, ನಾನು ಕರೆದುಕೊಂಡು ಹೋಗುತ್ತಿದ್ದೆ. ಅವನು ಹಾಸಿಗೆ ಹಿಡಿದ ಮೇಲೆ ಒಂದು ಬೆಳಿಗ್ಗೆ ನಾಯ್ನ ಅವನಿಗೆ ಗಂಜಿ ಕುಡಿಸುತ್ತಿದ್ದ. ತಾತ ಅವನನ್ನು, ಮನೆಯ ಅಳಿಯ ಎಲ್ಲಿ, ಇನ್ನೂ ಬರಲಿಲ್ಲವಲ್ಲ ಎಂದು ಕೇಳಿದ. ನಾನು ಒಲೆಯ ಹತ್ತಿರ ತಿರುಗಿ ನೋಡದೆ ಕೂತೆ. ನಾಯ್ನ ಚಮಚೆಯನ್ನು ಲೋಟದ ಅಂಚಿಗೆ ಒರೆಸಿದ ಸದ್ದು ಕೇಳಿತು.

"ಹೊಲಕ್ಕೆ ಹೋಗವ್ನೆ ನಾಯ್ನಾ. ಬತ್ತಾನೆ, ನೀನು ಕುಡಿ," ಎಂದು ತೆಲುಗಿನಲ್ಲಿ ಹೇಳಿದ.

ತಾತ ಕುಡಿದ. ಅದೇ ವಾರದಲ್ಲಿ ಹೋದ. ಆಮೇಲೆ ಒಡೆದ ಬಳೆಗಳ ಜಾಗಕ್ಕೆ ಅಕ್ಕ ಬೇರೆ ತೊಡಲಿಲ್ಲ. ಯಾರೂ ಬೇಡ ಎನ್ನಲಿಲ್ಲ, ಹಾಕಿಕೋ ಎಂದೂ ಅನ್ನಲಿಲ್ಲ. ಒಂದೊಂದಾಗಿ ತಾವಾಗಿಯೇ ಮುಗಿದವು.

ನಾನು ಅವಳಲ್ಲಿ ತಪ್ಪಾಯಿತು ಎಂದು ಕೇಳಿದ್ದು ಬಹಳ ತಡವಾಗಿ. ಆಗ ನನ್ನ ಮಕ್ಕಳೇ ದೊಡ್ಡವರಾಗಿದ್ದರು, ಅಕ್ಕ ನನ್ನ ಮನೆಯಲ್ಲೇ ಇದ್ದಳು. ಇಬ್ಬರೂ ಹಿತ್ತಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಆ ಮಧ್ಯಾಹ್ನಗಳ ವಿಷಯ ಎತ್ತಿದೆ. ಹುಡುಗಿ ಬುದ್ಧಿ ಕಣಕ್ಕ, ಕ್ಷಮಿಸಿದೀಯಾ ಎಂದೆ. ಅವಳು ಕೈಯಲ್ಲಿದ್ದ ಕಾಯಿ ಸುಲಿದು ಮುಗಿಸಿದಳು.

"ಬಳೆ ವಿಷ್ಯಕ್ಕೆ ಯಾರಾದ್ರೂ ನಿನ್ನ ಬೈದ್ರೆ ನನ್ನ ಹೆಸರು ಹೇಳು. ಕೈ ಚಾಚಿದೋಳು ನಾನು. ಇನ್ನೊಂದುಕ್ಕೆ ಕ್ಷಮಿಸಿದೀನಿ ಅಂತ ಹೇಳಕ್ಕೆ ನಂಗೆ ಬರಲ್ಲ ಕಣೆ ಸುಬ್ಬಿ. ಸುಳ್ಳು ಹೇಳಿ ಸಮಾಧಾನ ಮಾಡಕ್ಕೆ ನೀನೇನು ತಾತ ಅಲ್ಲ."

ಹೇಳಿ, ಸುಲಿದ ಕಾಳನ್ನೆಲ್ಲ ನನ್ನ ಮೊರಕ್ಕೆ ಸುರಿದು, ಇನ್ನಷ್ಟು ಕಾಯಿ ತರಲು ಎದ್ದು ಹೋದಳು.